ಕಾರಿನ ಅರ್ಥಿಂಗ್: ಹೊಸ ವೈರ್ ಎಳೆಯುವ ಮೊದಲು ಮೀಟರ್ ಹಿಡಿಯಿರಿ

ಕಾರಿನ ಒಂದು ಬಲ್ಬ್ ಉರಿಯಲು ಬ್ಯಾಟರಿಯಿಂದ ಎಷ್ಟು ವೈರ್ ಬೇಕು? ಕರೆಂಟ್ ಹೋಗಲು ಒಂದು, ವಾಪಸ್ ಬರಲು ಇನ್ನೊಂದು, ಒಟ್ಟು ಎರಡು ಅನ್ನಿಸುತ್ತದೆ ಅಲ್ವಾ? ಆದರೆ ಕಾರಿನೊಳಗೆ ದೂರದವರೆಗೆ ಓಡುವುದು ಹೆಚ್ಚಾಗಿ ಪ್ಲಸ್ ವೈರ್ ಒಂದೇ. ಬಲ್ಬಿನ ಇನ್ನೊಂದು ಕಡೆಯಿಂದ ಹೊರಟ ಗಿಡ್ಡ ವೈರ್ ಹತ್ತಿರದ ತಗಡಿಗೆ ಬೋಲ್ಟ್ ಆಗಿ ಅಲ್ಲೇ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ಕಾರಿನ ಉಕ್ಕಿನ ಬಾಡಿಯೇ ವೈರ್. ಬ್ಯಾಟರಿಯ ಮೈನಸ್ ಕಡೆಯಿಂದ ದಪ್ಪ ವೈರ್ ಒಂದು ಬಾಡಿಗೆ, ಇನ್ನೊಂದು ಎಂಜಿನ್ ಅಥವಾ ಗೇರ್‌ಬಾಕ್ಸ್‌ಗೆ ಹೋಗಿರುತ್ತದೆ. ಈ ಇಡೀ ವಾಪಸಾತಿ ದಾರಿಗೆ ಅರ್ಥಿಂಗ್ ಎನ್ನುತ್ತಾರೆ. ಮನೆಯ ಅರ್ಥಿಂಗ್ ಹಾಗೆ ಇದು ಮಣ್ಣಿಗೆ ಸೇರುವುದಿಲ್ಲ. ಕಾರು ನಿಂತಿರುವುದೇ ರಬ್ಬರ್ ಟೈರ್ ಮೇಲೆ.

ಈ ಏರ್ಪಾಟಿನಿಂದ ಕಿಲೋಗಟ್ಟಲೆ ತಾಮ್ರ ಉಳಿಯುತ್ತದೆ. ಉಕ್ಕು ತಾಮ್ರದಷ್ಟು ಚೆನ್ನಾಗಿ ಕರೆಂಟ್ ಒಯ್ಯುವುದಿಲ್ಲ, ನಿಜ. ಆದರೆ ಬಾಡಿ ಎಷ್ಟು ಅಗಲ ಇದೆ ಅಂದರೆ ಆ ಕೊರತೆ ಲೆಕ್ಕಕ್ಕೇ ಬರುವುದಿಲ್ಲ. ತೊಂದರೆ ಶುರುವಾಗುವುದು ತಗಡಿನಲ್ಲಲ್ಲ, ವೈರ್ ತಗಡನ್ನು ಮುಟ್ಟುವ ಜಾಗದಲ್ಲಿ. ಬೋಲ್ಟ್ ಸಡಿಲವಾಗುತ್ತದೆ. ನೀರು ಇಳಿದು ತುಕ್ಕು ಹಿಡಿಯುತ್ತದೆ. ವೈರಿನ ತುದಿಗೆ ಹಾಕುವ ಲೋಹದ ಬಳೆ, ಅಂದರೆ ಲಗ್‌ನೊಳಗೆ ಹಸಿರು ಕಿಲುಬು ಕೂರುತ್ತದೆ. ಅಪಘಾತದ ರಿಪೇರಿ ಆದ ಕಾರಿನಲ್ಲಿ ಹೊಸ ಪೇಂಟ್ ಬಳಿದು ಅದರ ಮೇಲೇ ಬೋಲ್ಟ್ ಬಿಗಿದಿರುವುದೂ ಉಂಟು. ಪೇಂಟ್ ಕರೆಂಟನ್ನು ಬಿಡುವುದಿಲ್ಲ.

ಇನ್ನೊಂದು ವಿಷಯ ಹಲವರ ಗಮನಕ್ಕೆ ಬಂದಿರುವುದಿಲ್ಲ. ಎಂಜಿನ್ ಕೂತಿರುವುದು ರಬ್ಬರ್ ಮೌಂಟ್‌ಗಳ ಮೇಲೆ. ಅಂದರೆ ಕರೆಂಟಿನ ಲೆಕ್ಕದಲ್ಲಿ ಎಂಜಿನ್ ಬಾಡಿಯಿಂದ ಬೇರೆಯಾಗಿಯೇ ಇದೆ. ಎಂಜಿನ್ ಹತ್ತಿಸುವ ಸೆಲ್ಫ್ ಮೋಟರ್, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಎಂಜಿನ್‌ಗೆ ಬೋಲ್ಟ್ ಆಗಿರುತ್ತವೆ. ಸಾಮಾನ್ಯವಾಗಿ ಅವುಗಳ ಲೋಹದ ಹೊರಮೈಯೇ ಮೈನಸ್. ಹಾಗಾಗಿ ಎಂಜಿನ್‌ನಿಂದ ಬ್ಯಾಟರಿಗೆ, ಬಾಡಿಗೆ ಹೋಗುವ ಆ ಒಂದೆರಡು ದಪ್ಪ ವೈರ್ ಅಥವಾ ಹೆಣೆದ ತಾಮ್ರದ ಪಟ್ಟಿಯ ಮೇಲೆ ಎಲ್ಲವೂ ನಿಂತಿದೆ. ಎಂಜಿನ್ ಅಲುಗಾಡಿದಾಗಲೆಲ್ಲ ಆ ಪಟ್ಟಿಯೂ ಬಾಗುತ್ತದೆ. ವರ್ಷಗಳು ಕಳೆದಂತೆ ಎಳೆಗಳು ಒಂದೊಂದಾಗಿ ಕಡಿಯುತ್ತವೆ.

ಅದು ಪೂರ್ತಿ ಕಡಿದರೆ ಕರೆಂಟ್ ಸುಮ್ಮನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಹಳೆಯ ಕಾರುಗಳಲ್ಲಿ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್‌ಗಳ ಮೂಲಕ ಹರಿದು ಅವು ಕಾದು, ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡ ಉದಾಹರಣೆಗಳಿವೆ. ಕೇಬಲ್ ಯಾಕೆ ಮತ್ತೆ ಮತ್ತೆ ಹಿಡಿದುಕೊಳ್ಳುತ್ತದೆ ಎಂದು ತಲೆ ಕೆಡಿಸಿಕೊಂಡವರಿಗೆ ಕೊನೆಗೆ ಸಿಗುವುದು ಒಂದು ತುಂಡಾದ ಅರ್ಥಿಂಗ್ ಪಟ್ಟಿ.

ಒಂದು ಸಣ್ಣ ಹಳೆಯ ಮಾತು. ಬಾಡಿಗೆ ಮೈನಸ್ಸನ್ನೇ ಸೇರಿಸಬೇಕು ಎನ್ನುವ ನಿಯಮ ಮೊದಲಿನಿಂದ ಇದ್ದದ್ದಲ್ಲ. 1960ರ ದಶಕದವರೆಗೂ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಪ್ಲಸ್ ಟರ್ಮಿನಲ್ ಬಾಡಿಗೆ ಸೇರಿರುತ್ತಿತ್ತು. ಅಂಥ ಹಳೆಯ ಗಾಡಿ ನಿಮ್ಮ ಹತ್ತಿರ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ. ಈ ಲೇಖನ ಮೈನಸ್ ಬಾಡಿಗೆ ಸೇರಿರುವ 12 ವೋಲ್ಟ್ ಕಾರುಗಳ ಬಗ್ಗೆ.

ಪುಟ್ಟ ತಡೆ, ದೊಡ್ಡ ನಷ್ಟ

ಶಾಲೆಯಲ್ಲಿ ಓದಿದ ಓಮ್ ನಿಯಮ ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ. ಕರೆಂಟನ್ನು ತಡೆಯಿಂದ (ರೆಸಿಸ್ಟೆನ್ಸ್) ಗುಣಿಸಿದರೆ ಅಲ್ಲಿ ಕಳೆದುಹೋಗುವ ವೋಲ್ಟೇಜ್ ಸಿಗುತ್ತದೆ. ಒಂದು ಜೋಡಣೆಯಲ್ಲಿ 0.01 ಓಮ್ ತಡೆ ಇದೆ ಅಂದುಕೊಳ್ಳಿ. ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. 55 ವಾಟ್‌ನ ಹೆಡ್‌ಲೈಟ್ ಬಲ್ಬ್ ಎಳೆಯುವುದು ಸುಮಾರು ನಾಲ್ಕೂವರೆ ಆಂಪಿಯರ್. ಅಷ್ಟು ಕರೆಂಟಿಗೆ ಅಲ್ಲಿ ಕಳೆಯುವುದು 0.05 ವೋಲ್ಟ್‌ಗಿಂತ ಕಡಿಮೆ. ಯಾರಿಗೂ ಗೊತ್ತಾಗುವುದಿಲ್ಲ.

ಅದೇ ಜೋಡಣೆಯಲ್ಲಿ ಸೆಲ್ಫ್ ಹೊಡೆದರೆ? ಪೆಟ್ರೋಲ್ ಕಾರಿನ ಸೆಲ್ಫ್ ಮೋಟರ್ 100ರಿಂದ 200 ಆಂಪಿಯರ್ ಎಳೆಯುತ್ತದೆ. ದೊಡ್ಡ ಡೀಸೆಲ್ ಎಂಜಿನ್ ಆದರೆ ಇನ್ನೂ ಜಾಸ್ತಿ. 150 ಆಂಪಿಯರ್ ಎಂದೇ ಹಿಡಿಯಿರಿ. 0.01ರಿಂದ ಗುಣಿಸಿದರೆ 1.5 ವೋಲ್ಟ್. ಸೆಲ್ಫ್ ಹೊಡೆಯುವಾಗ ಬ್ಯಾಟರಿಯೇ ಹತ್ತೂವರೆ ವೋಲ್ಟ್ ಹತ್ತಿರ ಇಳಿದಿರುತ್ತದೆ. ಅದರಲ್ಲಿ ಒಂದೂವರೆ ದಾರಿಯಲ್ಲೇ ಹೋದರೆ ಮೋಟರ್‌ಗೆ ಸಿಗುವುದು ಒಂಬತ್ತು. ಎಂಜಿನ್ ಅಳುತ್ತಾ ತಿರುಗುತ್ತದೆ. ಬ್ಯಾಟರಿ ಹೋಯಿತು ಎಂದು ಎಲ್ಲರೂ ತೀರ್ಪು ಕೊಡುತ್ತಾರೆ. ಹೊಸ ಬ್ಯಾಟರಿ ಬಂದ ಮೇಲೂ ಅಳು ನಿಲ್ಲುವುದಿಲ್ಲ.

ಇದೇ ಲೆಕ್ಕ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಓಮ್ ಮೀಟರ್ ಇಟ್ಟು "ಅರ್ಥಿಂಗ್ ಸರಿಯಾಗಿದೆ, ಬೀಪ್ ಬಂತು" ಎನ್ನುವವರು ಬಹಳ ಜನ. ಸಾಧಾರಣ ಮಲ್ಟಿಮೀಟರ್‌ಗೆ 0.01 ಓಮ್ ಅಳೆಯಲು ಆಗುವುದೇ ಇಲ್ಲ. ಅದರ ಎರಡು ಪ್ರೋಬ್ ವೈರ್‌ಗಳ ತಡೆಯೇ ಅದಕ್ಕಿಂತ ಹತ್ತಾರು ಪಟ್ಟು ಇರುತ್ತದೆ. ಸಾಲದ್ದಕ್ಕೆ ಮೀಟರ್ ಹರಿಸುವ ಕರೆಂಟ್ ಮಿಲಿಆಂಪಿಯರ್ ಲೆಕ್ಕದ್ದು. ಪಟ್ಟಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಹಗ್ಗದ ಒಂದು ಎಳೆ ಉಳಿದಿದ್ದರೂ ಹಗ್ಗ ತುಂಡಾಗಿಲ್ಲ ಎನ್ನಬಹುದು, ಆದರೆ ಅದರಲ್ಲಿ ಬಾವಿಯಿಂದ ಕೊಡ ಎಳೆಯಲು ಆಗುತ್ತದೆಯೇ? ಅರ್ಥಿಂಗ್ ಪರೀಕ್ಷೆಯನ್ನು ಕರೆಂಟ್ ಹರಿಯುವಾಗಲೇ ಮಾಡಬೇಕು.

ಲಕ್ಷಣಗಳು

ಎಂಜಿನ್ ನಿಧಾನವಾಗಿ ತಿರುಗುವುದು ಒಂದು. ಟಕ್ ಎಂದು ಸದ್ದು ಬಂದು ಸೆಲ್ಫ್ ಹಿಡಿಯದಿರುವುದು ಇನ್ನೊಂದು. ಹೆಡ್‌ಲೈಟ್ ಮಂಕಾಗಿರುತ್ತದೆ, ಅದರಲ್ಲೂ ಒಂದು ಕಡೆ ಮಾತ್ರ ಮಂಕಾಗಿದ್ದರೆ ಆ ಕಡೆಯ ಅರ್ಥಿಂಗ್ ಮೇಲೆ ಅನುಮಾನ ಪಡಬಹುದು. ತಂತಿ ಇರುವ ಬಲ್ಬ್‌ಗೆ ವೋಲ್ಟೇಜ್ ಹತ್ತು ಪರ್ಸೆಂಟ್ ಇಳಿದರೆ ಬೆಳಕು ಹತ್ತು ಪರ್ಸೆಂಟ್ ಅಲ್ಲ, ಸುಮಾರು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಅದಕ್ಕೇ ಸಣ್ಣ ನಷ್ಟವೂ ರಾತ್ರಿ ರಸ್ತೆಯಲ್ಲಿ ಎದ್ದು ಕಾಣುತ್ತದೆ.

ಎಲ್ಲಕ್ಕಿಂತ ತಮಾಷೆಯ ಲಕ್ಷಣ ಹಿಂದಿನ ಲೈಟಿನದು. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂದವಾಗಿ ಹೊತ್ತಿಕೊಳ್ಳುತ್ತದೆ. ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ಲೈಟ್ ಅದರ ತಾಳಕ್ಕೆ ಮಿಣುಕುತ್ತದೆ. ದೆವ್ವದ ಕೆಲಸದ ಹಾಗೆ ಕಾಣುತ್ತದೆ, ಆದರೆ ಕಾರಣ ಸರಳ. ಆ ಗೊಂಚಲಿನ ಬಲ್ಬ್‌ಗಳಿಗೆಲ್ಲ ಒಂದೇ ಅರ್ಥಿಂಗ್ ವೈರ್ ಇರುತ್ತದೆ. ಅದು ಕೆಟ್ಟರೆ ಬ್ರೇಕ್ ಬಲ್ಬಿನ ಕರೆಂಟ್ ಬಾಡಿಗೆ ಹೋಗಲಾರದೆ ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ನುಗ್ಗುತ್ತದೆ. ಆ ವೈರ್ ಹಿಡಿದು ಮುಂದಿನ ಇಂಡಿಕೇಟರ್ ಬಲ್ಬ್‌ವರೆಗೆ ಹೋಗಿ, ಅಲ್ಲಿಯ ಅರ್ಥಿಂಗ್‌ನಲ್ಲಿ ಇಳಿಯುತ್ತದೆ. ಈ ಲಕ್ಷಣ ಕಂಡರೆ ಬೇರೆ ಏನನ್ನೂ ಹುಡುಕದೆ ನೇರ ಹಿಂದಿನ ಲೈಟಿನ ಅರ್ಥಿಂಗ್ ನೋಡಿ.

ಸೆನ್ಸರ್‌ಗಳ ವಿಷಯ ಇನ್ನೂ ನಾಜೂಕು. ಸಾಮಾನ್ಯ ಬಗೆಯ ಆಕ್ಸಿಜನ್ ಸೆನ್ಸರ್ ಕೊಡುವ ಸಿಗ್ನಲ್ 0.1ರಿಂದ 0.9 ವೋಲ್ಟ್ ನಡುವೆ ಆಡುತ್ತದೆ. ಅದರ ಅರ್ಥಿಂಗ್ 0.1 ವೋಲ್ಟ್ ಮೇಲೆದ್ದರೂ ಎಂಜಿನ್ ಕಂಪ್ಯೂಟರ್‌ಗೆ ತಪ್ಪು ಸುದ್ದಿ ಹೋಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಎಚ್ಚರಿಕೆ ಕೋಡ್‌ಗಳು ಒಟ್ಟಿಗೆ ಬಂದರೆ ಒಂದೊಂದೇ ಸೆನ್ಸರ್ ಬದಲಿಸುತ್ತಾ ಕೂರಬೇಡಿ. ಅವೆಲ್ಲ ಸೇರುವ ಅರ್ಥಿಂಗ್ ಬೋಲ್ಟ್ ಯಾವುದು ಎಂದು ಮೊದಲು ಹುಡುಕಿ.

ಅಳೆಯುವ ಕ್ರಮ

ಬೇಕಾದ್ದು ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಮತ್ತು ಕೀ ತಿರುಗಿಸಲು ಇನ್ನೊಬ್ಬರು. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. 2 ವೋಲ್ಟ್ ರೇಂಜ್ ಇದ್ದರೆ ಒಳ್ಳೆಯದು. ಒಂದು ಪ್ರೋಬನ್ನು ಬ್ಯಾಟರಿಯ ಮೈನಸ್ ಪೋಸ್ಟ್‌ನ ಸೀಸಕ್ಕೇ ಒತ್ತಿ ಹಿಡಿಯಿರಿ. ಅದರ ಮೇಲೆ ಕೂತಿರುವ ಕ್ಲಾಂಪ್‌ಗಲ್ಲ, ಪೋಸ್ಟ್‌ಗೇ. ಇನ್ನೊಂದು ಪ್ರೋಬ್ ಎಂಜಿನ್ನಿನ ಬರಿ ಲೋಹಕ್ಕೆ. ಗೇರ್ ನ್ಯೂಟ್ರಲ್‌ನಲ್ಲೋ ಪಾರ್ಕ್‌ನಲ್ಲೋ ಇರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಮೀಟರಿನ ವೈರ್ ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರ ಇರಲಿ. ಈಗ ಸೆಲ್ಫ್ ಹೊಡೆಸಿ. ಪೆಟ್ರೋಲ್ ಕಾರಿನಲ್ಲಿ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದಿಟ್ಟು ಪೈಪಿನಲ್ಲಿ ಉಳಿದ ಪೆಟ್ರೋಲ್ ತೀರಿಸಿದರೆ ಎಂಜಿನ್ ಹತ್ತುವುದಿಲ್ಲ, ಓದಲು ಸಮಯ ಸಿಗುತ್ತದೆ. ಆದರೂ ಒಂದು ಸಲಕ್ಕೆ ಐದು ಸೆಕೆಂಡ್ ಮೀರಬೇಡಿ. ಸೆಲ್ಫ್ ಮೋಟರ್ ಬೇಗ ಕಾಯುತ್ತದೆ.

ಮೀಟರ್ ತೋರಿಸುವ ಅಂಕಿಯೇ ಆ ದಾರಿಯಲ್ಲಿ ಕಳೆದ ವೋಲ್ಟೇಜ್. 0.2 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಂಜಿನ್ ಕಡೆಯ ಅರ್ಥಿಂಗ್ ಚೆನ್ನಾಗಿದೆ. 0.5 ದಾಟಿದರೆ ಖಂಡಿತ ಕೆಲಸ ಇದೆ. ನಡುವೆ ಇದ್ದರೆ ಹೇಗಿದ್ದರೂ ಬಾನೆಟ್ ತೆಗೆದಿದೆ, ತಿಕ್ಕಿ ಬಿಗಿದುಬಿಡಿ.

ಮುಂದಿನದು ಬಾಡಿ. ಎಂಜಿನ್ ಓಡಿಸಿ, ಹೆಡ್‌ಲೈಟ್, ಎಸಿ ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ. ಮೈನಸ್ ಪೋಸ್ಟ್‌ನಿಂದ ಬಾಡಿಯ ಬರಿ ಲೋಹಕ್ಕೆ ಅಳೆಯಿರಿ. 0.1 ವೋಲ್ಟ್ ಒಳಗಿರಬೇಕು. ಹಾಗೇ ಎಂಜಿನ್ ಮತ್ತು ಬಾಡಿಯ ನಡುವೆಯೂ ಒಮ್ಮೆ ನೋಡಿ.

ಅಂಕಿ ಜಾಸ್ತಿ ಬಂತು ಅಂತಿಟ್ಟುಕೊಳ್ಳಿ. ತಪ್ಪು ಎಲ್ಲಿದೆ? ದಾರಿಯನ್ನು ತುಂಡು ತುಂಡಾಗಿ ಅಳೆದರೆ ಅದೇ ಸಿಕ್ಕಿಬೀಳುತ್ತದೆ. ಪೋಸ್ಟ್‌ನಿಂದ ಕ್ಲಾಂಪ್‌ಗೆ. ಕ್ಲಾಂಪ್‌ನಿಂದ ವೈರಿನ ಇನ್ನೊಂದು ತುದಿಯ ಲಗ್‌ಗೆ. ಲಗ್‌ನಿಂದ ಅದು ಕೂತಿರುವ ಲೋಹಕ್ಕೆ. ಪ್ರತಿ ಸಲವೂ ಲೋಡ್ ಹಾಕಿಯೇ, ಅಂದರೆ ಸೆಲ್ಫ್ ಹೊಡೆಸುತ್ತಲೋ ಲೈಟ್, ಬ್ಲೋವರ್ ಹಾಕಿಯೋ ಅಳೆಯಿರಿ. ಒಟ್ಟು ನಷ್ಟದ ದೊಡ್ಡ ಪಾಲು ಯಾವ ತುಂಡಿನಲ್ಲಿ ಬರುತ್ತದೋ ಕಳ್ಳ ಅಲ್ಲೇ ಇದ್ದಾನೆ. ಪೋಸ್ಟ್ ಮತ್ತು ಕ್ಲಾಂಪ್ ನಡುವೆ 0.3 ವೋಲ್ಟ್ ಬರುವುದು ಅಪರೂಪವೇನಲ್ಲ. ಹೊರಗಿನಿಂದ ನೋಡಿದರೆ ಆ ಕ್ಲಾಂಪ್ ಬಿಗಿಯಾಗಿ, ಚೊಕ್ಕಟವಾಗಿಯೇ ಕಾಣುತ್ತಿರುತ್ತದೆ.

ಹಿಂದಿನ ಲೈಟಿಗೆ ಮೀಟರಿನ ವೈರ್ ಎಟುಕುವುದಿಲ್ಲ. ಯಾವುದಾದರೂ ತೆಳು ವೈರನ್ನು ಉದ್ದಕ್ಕೆ ಎಳೆದು ಪ್ರೋಬ್‌ಗೆ ಸೇರಿಸಿ. ತೆಳು ವೈರ್ ಆದರೆ ಅಳತೆ ತಪ್ಪುವುದಿಲ್ಲವೇ ಎಂದು ಕೇಳಬಹುದು. ಇಲ್ಲ. ವೋಲ್ಟ್ ಅಳೆಯುವಾಗ ಮೀಟರಿನೊಳಗೆ ಹೆಚ್ಚುಕಡಿಮೆ ಕರೆಂಟೇ ಹರಿಯುವುದಿಲ್ಲ. ಹರಿಯದ ಕರೆಂಟ್ ವೈರಿನಲ್ಲಿ ಏನನ್ನೂ ಕಳೆಯುವುದಿಲ್ಲ.

ಅರ್ಥಿಂಗ್ ಕಡೆಯ ಎಲ್ಲ ಅಂಕಿಗಳೂ ಚೆನ್ನಾಗಿ ಬಂದು ತೊಂದರೆ ಹಾಗೇ ಇದ್ದರೆ, ಅದೇ ಪರೀಕ್ಷೆಯನ್ನು ಪ್ಲಸ್ ಕಡೆ ಮಾಡಿ. ಬ್ಯಾಟರಿಯ ಪ್ಲಸ್ ಪೋಸ್ಟ್‌ನಿಂದ ಸೆಲ್ಫ್ ಮೋಟರಿನ ದಪ್ಪ ವೈರ್ ಕೂತಿರುವ ಬೋಲ್ಟಿಗೆ. ಕೈ ಮೇಲೆ ಹಿಡಿತ ಇರಲಿ. ಆ ಬೋಲ್ಟ್ ಮತ್ತು ಎಂಜಿನ್ ಎರಡಕ್ಕೂ ಪ್ರೋಬ್ ಒಟ್ಟಿಗೆ ತಾಗಿದರೆ ದೊಡ್ಡ ಕಿಡಿ ಬರುತ್ತದೆ.

ತಿಕ್ಕುವ ಕೆಲಸ

ನನ್ನ ಅಭಿಪ್ರಾಯದಲ್ಲಿ ಅರ್ಥಿಂಗ್ ಸುಧಾರಣೆಯ ಮುಕ್ಕಾಲು ಕೆಲಸ ಇಲ್ಲೇ ಮುಗಿಯುತ್ತದೆ, ಹೊಸ ವೈರ್ ಕೊಳ್ಳುವ ಮಾತೇ ಬರುವುದಿಲ್ಲ. ಬಣ್ಣಬಣ್ಣದ ಅರ್ಥಿಂಗ್ ಕಿಟ್ (ಹೆಚ್ಚುವರಿ ಅರ್ಥಿಂಗ್ ವೈರ್‌ಗಳ ಸೆಟ್) ತಂದು ತುಕ್ಕು ಹಿಡಿದ ಬೋಲ್ಟಿಗೇ ಬಿಗಿದರೆ ಏನು ಬಂತು?

ಶುರು ಮಾಡುವ ಮೊದಲು ಕಾರಿನ ಪುಸ್ತಕ ತೆರೆದು, ಬ್ಯಾಟರಿ ಬಿಚ್ಚಿದರೆ ಏನೇನು ಮರೆತುಹೋಗುತ್ತದೆ ಎಂದು ನೋಡಿಕೊಳ್ಳಿ. ಕೆಲವು ಸ್ಟಿರಿಯೋಗಳು ಕೋಡ್ ಕೇಳುತ್ತವೆ. ಪವರ್ ವಿಂಡೋಗೆ ಮತ್ತೆ ಕಲಿಸಬೇಕಾಗಬಹುದು. ಉಂಗುರ, ಲೋಹದ ಕೈಗಡಿಯಾರ ತೆಗೆದಿಡಿ. ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಹತ್ತಿರ ಬೆಂಕಿ, ಕಿಡಿ ಬೇಡ. ಕಣ್ಣಿಗೆ ಕನ್ನಡಕ ಇದ್ದರೆ ಒಳ್ಳೆಯದು.

ಕೀ ತೆಗೆದು, ಮೊದಲು ಮೈನಸ್ ಬಿಚ್ಚಿ. ಇದು ಸುಮ್ನೆ ಬಂದ ನಿಯಮವಲ್ಲ. ಮೈನಸ್ ಇನ್ನೂ ಬಾಡಿಗೆ ಸೇರಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್. ಮೈನಸ್ ಮೊದಲು ಬಿಚ್ಚಿದರೆ ಅದೇ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ. ಜೋಡಿಸುವಾಗ ಇದರ ಉಲ್ಟಾ, ಮೈನಸ್ ಕೊನೆಗೆ. ಅರ್ಥಿಂಗ್ ಕೆಲಸಕ್ಕೆ ಪ್ಲಸ್ ಬಿಚ್ಚುವ ಅಗತ್ಯ ಸಾಮಾನ್ಯವಾಗಿ ಇರುವುದೂ ಇಲ್ಲ.

ಕ್ಲಾಂಪ್ ಮೇಲೆ ಬಿಳಿ ಅಥವಾ ನೀಲಿ ಪುಡಿ ಇದ್ದರೆ ಅಡುಗೆ ಸೋಡಾ ಕಲಸಿದ ನೀರು ಹಾಕಿ. ನೊರೆ ಏಳುತ್ತದೆ, ಆಸಿಡ್ ಸಾಯುತ್ತದೆ. ಆ ನೀರು ಬ್ಯಾಟರಿಯ ಒಳಗೆ ಹೋಗಬಾರದು. ತೊಳೆದು ಒಣಗಿಸಿ, ಪೋಸ್ಟಿನ ಹೊರಮೈ, ಕ್ಲಾಂಪಿನ ಒಳಮೈ ಎರಡನ್ನೂ ಹೊಳೆಯುವ ತನಕ ತಿಕ್ಕಿ.

ಆಮೇಲೆ ಬಾಡಿ ಮತ್ತು ಎಂಜಿನ್ ಕಡೆಯ ಬೋಲ್ಟ್‌ಗಳು. ಬಿಚ್ಚಿದ ಮೇಲೆ ಲಗ್‌ನ ಎರಡೂ ಮುಖ, ಬೋಲ್ಟಿನ ತಲೆಯ ಕೆಳಭಾಗ, ಅದು ಕೂರುವ ಲೋಹ, ಎಲ್ಲವನ್ನೂ ವೈರ್ ಬ್ರಷ್ ಅಥವಾ ಎಮರಿ ಪೇಪರ್‌ನಿಂದ ತಿಕ್ಕಿ. ಲಗ್ ಮುಟ್ಟುವಷ್ಟು ಜಾಗದಲ್ಲಿ ಮಾತ್ರ ಪೇಂಟ್ ತೆಗೆಯಿರಿ. ಉತ್ಸಾಹದಲ್ಲಿ ಅಂಗೈಯಗಲ ಕೆರೆದರೆ ತುಕ್ಕಿಗೆ ಬಾಗಿಲು ತೆರೆದಂತೆ. ಹಲ್ಲಿರುವ ಸ್ಟಾರ್ ವಾಷರ್ ಹಾಕಿದರೆ ಅದು ಲೋಹದೊಳಕ್ಕೆ ಕಚ್ಚಿ ಹಿಡಿದು, ಅದುರಿದರೂ ಸುಲಭಕ್ಕೆ ಸಡಿಲವಾಗುವುದಿಲ್ಲ. ಗಟ್ಟಿಯಾಗಿ ಬಿಗಿಯಿರಿ. ಅಲ್ಯೂಮಿನಿಯಂ ಎಂಜಿನ್ ಆದರೆ ಬಲ ಪ್ರಯೋಗ ಬೇಡ, ಬೋಲ್ಟ್ ಕೂರುವ ತೂತಿನ ಮರೆ (ಥ್ರೆಡ್) ಕಿತ್ತು ಬರುತ್ತದೆ.

ಗ್ರೀಸ್ ಯಾವಾಗ ಹಚ್ಚಬೇಕು? ಬಿಗಿದ ಮೇಲೆ, ಹೊರಗಿನಿಂದ. ಡೈಎಲೆಕ್ಟ್ರಿಕ್ ಗ್ರೀಸ್ ಆಗಲಿ ಪೆಟ್ರೋಲಿಯಂ ಜೆಲ್ಲಿ ಆಗಲಿ ಕರೆಂಟ್ ಒಯ್ಯುವುದಿಲ್ಲ, ಅವುಗಳ ಕೆಲಸ ನೀರು ಗಾಳಿ ತಡೆಯುವುದು ಅಷ್ಟೆ. ಬರಿ ಲೋಹ ಕಾಣುವ ಅಂಚಿಗೆ ಪೇಂಟ್ ಬಳಿದರೂ ಸರಿ, ಅದೂ ಬಿಗಿದ ನಂತರ.

ವೈರನ್ನೂ ಬಗ್ಗಿಸಿ ನೋಡಿ. ಲಗ್ ಹತ್ತಿರ ಹೊದಿಕೆಯ ಕೆಳಗೆ ಗಟ್ಟಿಯಾಗಿ, ಕರಕರ ಅನ್ನಿಸಿದರೆ ಒಳಗೆ ಕಿಲುಬು ತುಂಬಿದೆ. ಅದನ್ನು ತಿಕ್ಕಿ ಉಳಿಸಲು ಆಗುವುದಿಲ್ಲ. ಬದಲಿಸಿ.

ಹೊಸ ವೈರ್ ಸೇರಿಸುವುದಾದರೆ

ಮೂಲ ವೈರ್ ಸಣ್ಣದಾಗಿದ್ದರೆ, ಹಳತಾಗಿದ್ದರೆ, ಇಲ್ಲವೇ ದೊಡ್ಡ ಆಂಪ್ಲಿಫೈಯರ್, ಹೆಚ್ಚುವರಿ ಲೈಟ್ ಹಾಕಿದ್ದರೆ ಹೊಸ ವೈರ್ ಉಪಯೋಗಕ್ಕೆ ಬರುತ್ತದೆ. ಹಳೆಯದನ್ನು ಕಿತ್ತು ಹಾಕಬೇಕಾಗಿಲ್ಲ. ಪಕ್ಕದಲ್ಲೇ ಇನ್ನೊಂದು ಸೇರಿಸಿದರೆ ಕರೆಂಟ್ ಎರಡರಲ್ಲೂ ಹಂಚಿಕೊಂಡು ಹರಿಯುತ್ತದೆ, ಒಟ್ಟು ತಡೆ ಇಳಿಯುತ್ತದೆ. ಮುಖ್ಯವಾದ ದಾರಿಗಳು ಎರಡೇ. ಬ್ಯಾಟರಿ ಮೈನಸ್ ಕಡೆಯಿಂದ ಬಾಡಿಗೆ, ಎಂಜಿನ್‌ನಿಂದ ಬಾಡಿಗೆ. ಆಲ್ಟರ್ನೇಟರಿನ ಪ್ಲಸ್‌ನಿಂದ ಬ್ಯಾಟರಿ ಪ್ಲಸ್‌ಗೆ ಮೂರನೆಯದನ್ನೂ ಎಳೆಯುವವರಿದ್ದಾರೆ. ಅದು ಅರ್ಥಿಂಗ್ ಅಲ್ಲ. ಅದಕ್ಕೆ ಬ್ಯಾಟರಿಯ ಹತ್ತಿರ ಫ್ಯೂಸ್ ಬೇಕೇ ಬೇಕು. ಫ್ಯೂಸ್ ಇಲ್ಲದ ದಪ್ಪ ಪ್ಲಸ್ ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಕಾರಿಗೇ ಬೆಂಕಿ ಬೀಳಬಹುದು.

ದಪ್ಪ ಎಷ್ಟಿರಬೇಕು? ಅರ್ಧ ಮೀಟರ್ ಉದ್ದದ, 25 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 150 ಆಂಪಿಯರ್ ಹರಿದರೆ ಕಳೆಯುವುದು ಸುಮಾರು 0.05 ವೋಲ್ಟ್. ಅದೇ ಉದ್ದದ 6 ಚದರ ಮಿಲಿಮೀಟರ್ ವೈರ್ ಆದರೆ 0.2 ವೋಲ್ಟ್. ನಮ್ಮ ಮಿತಿ ಅಲ್ಲೇ ಮುಗಿದುಹೋಯಿತು. ಎಂಜಿನ್ ಅರ್ಥಿಂಗ್‌ಗೆ 16ರಿಂದ 25 ಚದರ ಮಿಲಿಮೀಟರ್ ಸಾಮಾನ್ಯ ಕಾರಿಗೆ ಧಾರಾಳ. ಕಂಪನಿ ಹಾಕಿರುವುದಕ್ಕಿಂತ ಸಣ್ಣದು ಮಾತ್ರ ಬೇಡ. ಉದ್ದ ಆದಷ್ಟೂ ಕಡಿಮೆ ಇರಲಿ. ಕೊಳ್ಳುವಾಗ ಶುದ್ಧ ತಾಮ್ರವೇ ಎಂದು ಖಾತ್ರಿ ಮಾಡಿಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಾಕಿದ ವೈರ್ ನೋಡಲು ಅಷ್ಟೇ ದಪ್ಪ, ಹಗುರ, ಅಗ್ಗ. ಆದರೆ ಅಲ್ಯೂಮಿನಿಯಂ ಕರೆಂಟ್ ಒಯ್ಯುವುದು ತಾಮ್ರದ ಅರವತ್ತು ಪರ್ಸೆಂಟ್‌ನಷ್ಟು. ಬಾಗಿ ಬಾಗಿ ಬೇಗ ಮುರಿಯುತ್ತದೆ ಕೂಡ.

ತುದಿಗೆ ಲಗ್ ಹಾಕುವುದರಲ್ಲೇ ಹೆಚ್ಚು ಜನ ಎಡವುವುದು. ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ ಲಗ್ ಮೊದಲ ದಿನ ಚೆನ್ನಾಗಿಯೇ ಇರುತ್ತದೆ. ಒಳಗೆ ಉಳಿದ ಸಂದಿಯಲ್ಲಿ ತೇವ ಸೇರಿ ಮುಂದೆ ಕೈ ಕೊಡುತ್ತದೆ. ಲಗ್ಗನ್ನು ವೈರಿಗೆ ಒತ್ತಿ ಕಚ್ಚಿಸುವ, ಸರಿಯಾದ ಅಳತೆಯ ಅಚ್ಚಿರುವ ಕ್ರಿಂಪಿಂಗ್ ಟೂಲ್ ಬೇಕು. ಅದು ಇಲ್ಲದಿದ್ದರೆ ಲಗ್ ಹಾಕಿ ಸಿದ್ಧವಾಗಿ ಬರುವ ವೈರ್ ತನ್ನಿ, ಇಲ್ಲವೇ ಅಂಗಡಿಯಲ್ಲೇ ಒತ್ತಿಸಿಕೊಳ್ಳಿ. ಬೆಸುಗೆ ಹಾಕಿದರೆ ಸೀಸ ಎಳೆಗಳ ಉದ್ದಕ್ಕೂ ಏರಿ ವೈರ್ ಅಲ್ಲಿ ಕಡ್ಡಿಯಾಗುತ್ತದೆ. ಎಂಜಿನ್ ಅದುರಿದಾಗ ಆ ಕಡ್ಡಿ ಮುಗಿಯುವ ಜಾಗದಲ್ಲೇ ಮುರಿಯುತ್ತದೆ. ಲಗ್ ತವರ ಲೇಪಿಸಿದ್ದಾಗಿರಲಿ. ಬರಿ ತಾಮ್ರ ಅಲ್ಯೂಮಿನಿಯಂ ಎಂಜಿನ್‌ಗೆ ನೇರ ತಾಗಿ, ಅಲ್ಲಿ ನೀರೂ ಸೇರಿದರೆ ಅಲ್ಯೂಮಿನಿಯಂ ಕೊರೆಯತೊಡಗುತ್ತದೆ. ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಕೂರುವ ಕೊಳವೆ) ತೊಡಿಸಿ.

ವೈರ್ ಸಾಗುವ ದಾರಿಯಲ್ಲಿ ಸೈಲೆನ್ಸರ್ ಪೈಪ್, ಬೆಲ್ಟ್, ಫ್ಯಾನ್ ಇರಬಾರದು. ಎಂಜಿನ್‌ಗೆ ಹೋಗುವ ವೈರ್ ಬಿಗಿಯಾಗಿರದೆ ಸ್ವಲ್ಪ ಜೋಲು ಬಿದ್ದಿರಲಿ. ಬೋಲ್ಟ್ ಆರಿಸುವಾಗ ದಪ್ಪ ಲೋಹಕ್ಕೆ ಕೂತಿರುವುದನ್ನು ನೋಡಿ. ಪೆಟ್ರೋಲ್ ಪೈಪ್ ಹಿಡಿದಿರುವ, ಬ್ರೇಕಿಗೆ ಸೇರಿದ, ಸೀಟ್ ಬೆಲ್ಟಿಗೆ ಸೇರಿದ ಬೋಲ್ಟ್‌ಗಳನ್ನು ಮುಟ್ಟಬೇಡಿ.

ಬ್ಯಾಟರಿ ಸೆನ್ಸರ್ ಇರುವ ಕಾರುಗಳು

ಈಗಿನ ಬಹಳಷ್ಟು ಕಾರುಗಳಲ್ಲಿ, ಅದರಲ್ಲೂ ಸಿಗ್ನಲ್‌ನಲ್ಲಿ ತಾನಾಗಿ ಆಫ್ ಆಗಿ ಮತ್ತೆ ಹತ್ತುವ ಎಂಜಿನ್ ಇರುವ ಕಾರುಗಳಲ್ಲಿ, ಮೈನಸ್ ಕ್ಲಾಂಪಿಗೆ ಅಂಟಿಕೊಂಡಂತೆ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಸಣ್ಣ ಕನೆಕ್ಟರ್ ಇರುತ್ತದೆ. ಅದು ಬ್ಯಾಟರಿ ಸೆನ್ಸರ್. ಬ್ಯಾಟರಿಗೆ ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಇಡುತ್ತದೆ. ಎಷ್ಟು ಚಾರ್ಜ್ ಮಾಡಬೇಕು, ನಿಂತಾಗ ಎಂಜಿನ್ ಆಫ್ ಮಾಡಬಹುದೇ ಎಂದು ಕಂಪ್ಯೂಟರ್ ನಿರ್ಧರಿಸುವುದು ಈ ಲೆಕ್ಕದಿಂದ.

ನೀವು ಹೊಸ ಅರ್ಥಿಂಗ್ ವೈರನ್ನು ನೇರ ಬ್ಯಾಟರಿ ಪೋಸ್ಟ್‌ಗೆ ಹಾಕಿದರೆ ಒಂದಿಷ್ಟು ಕರೆಂಟ್ ಸೆನ್ಸರನ್ನು ತಪ್ಪಿಸಿ ಹೊಸ ದಾರಿಯಲ್ಲಿ ಓಡಾಡುತ್ತದೆ. ಲೆಕ್ಕ ತಪ್ಪುತ್ತದೆ. ಬ್ಯಾಟರಿ ಚೆನ್ನಾಗಿದ್ದರೂ ಎಚ್ಚರಿಕೆ ಬರಬಹುದು, ಚಾರ್ಜಿಂಗ್ ಅಡ್ಡಾದಿಡ್ಡಿ ಆಗಬಹುದು. ಅಂಥ ಕಾರಿನಲ್ಲಿ ಹೊಸ ವೈರ್ ಸೆನ್ಸರಿನ ಆಚೆಗೆ, ಅಂದರೆ ಮೂಲ ಮೈನಸ್ ವೈರ್ ಬಾಡಿಗೆ ಸೇರುವ ಬೋಲ್ಟಿನಿಂದ ಶುರುವಾಗಬೇಕು. ಕಿಟ್ ಮಾರುವ ಡಬ್ಬಿಯ ಮೇಲಿನ ಚಿತ್ರ ಪೋಸ್ಟ್‌ಗೇ ಹಾಕಿ ಎಂದು ತೋರಿಸಿದರೂ ಸರಿ.

ಮುಟ್ಟಬಾರದ ಇನ್ನೂ ಮೂರು ಇವೆ. ಹಳದಿ ಕನೆಕ್ಟರ್ ಅಥವಾ ಹಳದಿ ಹೊದಿಕೆಯ ವೈರ್ ಸಾಮಾನ್ಯವಾಗಿ ಏರ್‌ಬ್ಯಾಗಿನದು. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಆ ದೊಡ್ಡ ಬ್ಯಾಟರಿಯ ಮೈನಸ್ಸನ್ನು ಬೇಕೆಂದೇ ಬಾಡಿಯಿಂದ ಬೇರೆ ಇಟ್ಟಿರುತ್ತಾರೆ, ಇಲ್ಲಿ ಹೇಳಿದ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಮೂರನೆಯದು ಸೆನ್ಸರ್‌ಗಳ ಅರ್ಥಿಂಗ್ ವೈರ್. ಅವು ಸಾಮಾನ್ಯವಾಗಿ ನೇರ ಬಾಡಿಗೆ ಹೋಗದೆ ಎಂಜಿನ್ ಕಂಪ್ಯೂಟರ್‌ಗೆ ವಾಪಸ್ ಹೋಗುವಂತೆ ಮಾಡಿರುತ್ತಾರೆ, ಇತರ ಭಾಗಗಳ ಗದ್ದಲ ಸಿಗ್ನಲ್‌ಗೆ ಸೇರದಿರಲಿ ಎಂದು. ಇದನ್ನೂ ಒಂದು ಕೈ ನೋಡೋಣ ಎಂದು ಬಾಡಿಗೆ ಕಟ್ಟಿದರೆ ಇಲ್ಲದ ಕಾಯಿಲೆ ತಂದುಕೊಂಡಂತೆ.

ಸ್ಟಿರಿಯೋದ ಕೊಯ್ಯ್ ಸದ್ದು

ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಏರುತ್ತಾ ಹೋಗುವ ಕೀರಲು ಸದ್ದು ಅರ್ಥಿಂಗ್‌ಗೆ ಸಂಬಂಧಪಟ್ಟದ್ದೇ, ಆದರೆ ಕಾರಣ ಬೇರೆ. ಸ್ಟಿರಿಯೋ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಕಡೆ ಬಾಡಿಗೆ ಸೇರಿದೆ, ಆಂಪ್ಲಿಫೈಯರ್ ಡಿಕ್ಕಿಯಲ್ಲಿ ಇನ್ನೊಂದು ಕಡೆ. ಆಲ್ಟರ್ನೇಟರಿನ ಕರೆಂಟ್ ಬಾಡಿಯಲ್ಲಿ ಹರಿಯುವಾಗ ಈ ಎರಡು ಜಾಗಗಳ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಏಳುತ್ತದೆ. ಸಿಗ್ನಲ್ ವೈರಿನ ಹೊದಿಕೆ ಆ ಎರಡನ್ನೂ ಜೋಡಿಸಿರುವುದರಿಂದ ಆ ವ್ಯತ್ಯಾಸ ಹಾಡಿನ ಜೊತೆ ಸೇರಿ ಜೋರಾಗಿ ಕೇಳುತ್ತದೆ. ಆಂಪ್ಲಿಫೈಯರಿನ ಅರ್ಥಿಂಗ್ ಅರ್ಧ ಮೀಟರಿನೊಳಗೆ, ಪ್ಲಸ್ ವೈರಿನಷ್ಟೇ ದಪ್ಪದಲ್ಲಿ, ತಿಕ್ಕಿದ ಲೋಹಕ್ಕೆ ಇರಲಿ. ಸಿಗ್ನಲ್ ವೈರ್ ಮತ್ತು ಪವರ್ ವೈರ್ ಕಾರಿನ ಬೇರೆ ಬೇರೆ ಬದಿಯಲ್ಲಿ ಹೋಗಲಿ. ಅಷ್ಟಕ್ಕೂ ಹೋಗದಿದ್ದರೆ ಸ್ಟಿರಿಯೋ ಮತ್ತು ಆಂಪ್ಲಿಫೈಯರ್ ಎರಡರ ಅರ್ಥಿಂಗನ್ನೂ ಒಂದೇ ಜಾಗಕ್ಕೆ ತನ್ನಿ.

ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಅರ್ಥಿಂಗ್ ಕಿಟ್ ಡಬ್ಬಿಗಳ ಮೇಲೆ ಮೈಲೇಜ್ ಏರುತ್ತದೆ, ಪಿಕಪ್ ಬರುತ್ತದೆ, ಗೇರ್ ನಯವಾಗುತ್ತದೆ ಎಂದೆಲ್ಲ ಬರೆದಿರುತ್ತದೆ. ಅರ್ಥಿಂಗ್ ನಿಜವಾಗಿ ಕೆಟ್ಟಿದ್ದ ಕಾರಿನಲ್ಲಿ ಇವುಗಳಲ್ಲಿ ಒಂದೆರಡು ಆಗಲೂಬಹುದು, ಯಾಕೆಂದರೆ ಸೆನ್ಸರ್‌ಗಳು ಸರಿಯಾದ ಸುದ್ದಿ ಕೊಡತೊಡಗುತ್ತವೆ. ಆದರೆ ಚೆನ್ನಾಗಿದ್ದ ಕಾರಿನಲ್ಲಿ? ಕಳೆಯುತ್ತಿದ್ದದ್ದೇ 0.05 ವೋಲ್ಟ್ ಆದರೆ ಅದನ್ನು ಪೂರ್ತಿ ಸೊನ್ನೆ ಮಾಡಿದರೂ ಲಾಭ 0.05 ವೋಲ್ಟ್. ಎಂಜಿನ್ ಓಡುವಾಗ ಆಲ್ಟರ್ನೇಟರ್ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ನಡುವೆ ಇಡುತ್ತದೆ. ಆ ಏರಿಳಿತದ ಮುಂದೆ ಇದು ಏನೂ ಅಲ್ಲ. ಕಿಟ್ ಹಾಕಿದ ದಿನ ಕಾರು ಹಗುರವಾಗಿ ಓಡಿತು ಎಂದು ಅನ್ನಿಸುವುದು ಮನಸ್ಸಿನ ಆಟ. ಇಲ್ಲವೇ ಬ್ಯಾಟರಿ ಬಿಚ್ಚಿದ್ದರಿಂದ ಎಂಜಿನ್ ಕಂಪ್ಯೂಟರ್ ತನ್ನ ಹಳೆಯ ಹೊಂದಾಣಿಕೆಗಳನ್ನು ಮರೆತು ಹೊಸದಾಗಿ ಕಲಿಯುತ್ತಿರಬಹುದು.

ಅದಕ್ಕೇ ಕೆಲಸಕ್ಕೆ ಮುಂಚಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಎಂಜಿನ್ ಕಡೆ ಎಷ್ಟು, ಬಾಡಿ ಕಡೆ ಎಷ್ಟು, ಎಷ್ಟು ಲೋಡ್ ಹಾಕಿ ಅಳೆದದ್ದು. ಮುಗಿದ ಮೇಲೆ ಅದೇ ಲೋಡಿನಲ್ಲಿ, ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. 0.7 ಇದ್ದದ್ದು 0.15ಕ್ಕೆ ಇಳಿದಿದ್ದರೆ ಕೆಲಸ ಆಗಿದೆ. ಅಂಕಿ ಇಳಿದೂ ಸೆಲ್ಫ್ ಅಳುತ್ತಿದ್ದರೆ ಬ್ಯಾಟರಿಯನ್ನೋ ಸೆಲ್ಫ್ ಮೋಟರನ್ನೋ ಪರೀಕ್ಷೆ ಮಾಡಿಸಿ. ಬೋಲ್ಟ್‌ಗಳೆಲ್ಲ ಸರಿಯಾಗಿದ್ದೂ ಒಂದೇ ಒಂದು ಉಪಕರಣದ ಅರ್ಥಿಂಗ್‌ನಲ್ಲಿ ಮಾತ್ರ ನಷ್ಟ ಕಾಣುತ್ತಿದ್ದರೆ, ವೈರಿಂಗ್ ಕಟ್ಟಿನ ಒಳಗಿನ ಜೋಡಣೆ ಕೆಟ್ಟಿರಬಹುದು. ಅದನ್ನು ಬಿಚ್ಚಿ ಹುಡುಕಲು ಆ ಮಾದರಿಯ ವೈರಿಂಗ್ ನಕ್ಷೆ ಬೇಕು. ನಕ್ಷೆ ಕೈಯಲ್ಲಿ ಇಲ್ಲದಿದ್ದರೆ ಟೇಪ್ ಸುತ್ತಿದ ಕಟ್ಟಿಗೆ ಬ್ಲೇಡ್ ಹಾಕದೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಒಯ್ಯಿರಿ, ಆ ಚೀಟಿಯನ್ನೂ ಕೊಡಿ. ಅವರ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.